ಮೊಗುಡಂಪಲ್ಲಿ ಸೀಮೆಯ ದಸ್ತಗಿರಿ ದಫ್ತರ

ಜಹೀರಾಬಾದ್ ಸೀಮೆಯ ಮೊಗುಡಂಪಲ್ಲಿಯ ಒಬ್ಬ ವ್ಯಕ್ತಿ ಎಂದಾದರೂ ದಸ್ತಗಿರಿಯಾಗಿದ್ದನೇ, ಅವನ ಮೇಲೆ ಗುನ್ನೆ ದಾಖಲಾಗಿತ್ತೇ ಎಂದು ಹುಡುಕುವವರು ಮೊದಲು ಕಾಲವನ್ನು ಗೊತ್ತುಮಾಡಿಕೊಳ್ಳಬೇಕು. 1948ಕ್ಕೆ ಹಿಂದಿನ ಮಾತಾದರೆ ಕಾಗದ ಬಹುಮಟ್ಟಿಗೆ ಉರ್ದುವಿನಲ್ಲಿದೆ, ತಾರೀಖು ನಿಜಾಮರ ಕಚೇರಿಗಳ ಕಂದಾಯ ವರ್ಷವಾದ ಫಸಲಿ ಸನ್ನಿನಲ್ಲಿದೆ. 1956ಕ್ಕೆ ಹಿಂದಿನದಾದರೆ ಜಿಲ್ಲೆ ಬೀದರ. ಅಲ್ಲಿಂದ 2016ರ ಅಕ್ಟೋಬರ್‌ವರೆಗೆ ಮೇದಕ್, ಆಮೇಲೆ ಸಂಗಾರೆಡ್ಡಿ. ಊರು ಇದ್ದಲ್ಲೇ ಇದೆ. ಅದರ ದಫ್ತರ ಮಾತ್ರ ಹೈದರಾಬಾದ್ ಸಂಸ್ಥಾನ, ಆಂಧ್ರಪ್ರದೇಶ, ತೆಲಂಗಾಣ ಎಂಬ ಮೂರು ಆಡಳಿತಗಳ ನಡುವೆ ಹಂಚಿಹೋಗಿದೆ. ಪಕ್ಕದ ನಾರಾಯಣಖೇಡದ್ದೂ ಇದೇ ಕಥೆ. ತಾಂಡೂರಿನದು ಸ್ವಲ್ಪ ಬೇರೆ: ಅದು ಗುಲಬರ್ಗಾ ಜಿಲ್ಲೆಯಿಂದ ಹೊರಟು ಈಗ ವಿಕಾರಾಬಾದ್ ಜಿಲ್ಲೆಯಲ್ಲಿ ನಿಂತಿದೆ. ಬಂಧಿತರ ಹೆಸರು ಬರೆದಿಡುವ ಕೆಲಸ ಈ ಸೀಮೆಯಲ್ಲಿ ಒಂದೂವರೆ ಶತಮಾನದಿಂದ ನಡೆದುಬಂದಿದೆ. ಬರೆದದ್ದನ್ನು ಊರಿನವರೂ ಕೇಳಿ ಪಡೆಯಬಹುದು ಎಂಬ ವ್ಯವಸ್ಥೆ ಗಟ್ಟಿಯಾದದ್ದು ತೀರ ಈಚೆಗೆ.

ಠಾಣೆಗಳು ಇಲ್ಲದ ಕಾಲದಲ್ಲಿ ಈ ಲೆಕ್ಕ ಊರಿನ ನೆನಪಿನಲ್ಲಿತ್ತು. ತಳವಾರನಿಗೆ, ಗೌಡನಿಗೆ ತಮ್ಮ ಊರಿನಲ್ಲಿ ಯಾರ ಕೈ ಎಂಥದು ಎಂಬುದು ಗೊತ್ತಿರುತ್ತಿತ್ತು. ಕಳುವಾದ ಎತ್ತಿನ ಹೆಜ್ಜೆ ಯಾವ ಊರಿನ ಎಲ್ಲೆಗೆ ಹೋಗಿ ನಿಲ್ಲುತ್ತದೋ ಆ ಊರಿನವರು ಉತ್ತರ ಕೊಡಬೇಕಿತ್ತು. ಹೊರಗಿನವರು ಬಂದು ಹೋಗುವ ಹೆದ್ದಾರಿಗಳಲ್ಲಿ ಈ ಬಗೆಯ ಜ್ಞಾನ ಸಾಲುತ್ತಿರಲಿಲ್ಲ. ಹೈದರಾಬಾದಿನಿಂದ ಹುಮನಾಬಾದ್, ಸೋಲಾಪುರ ದಾಟಿ ಪುಣೆಗೆ ಹೋಗುವ ದಾರಿ ಅಂಥದ್ದು. 1820ರ ದಶಕದಲ್ಲಿ ನಿಜಾಮರ ಚಾಕರಿಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್, ಮುಂದೆ ಸುರಪುರದ ಆಡಳಿತ ನೋಡಿಕೊಂಡು ಕನ್ನಡಿಗರಿಗೆ ಪರಿಚಿತನಾದವನು, ಸಂಸ್ಥಾನದ ನೈಋತ್ಯ ಭಾಗದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ. ಠಗ್ಗರೆಂಬ ದಾರಿಗಳ್ಳರ ತಂಡಗಳ ಸುಳಿವು ಅವನಿಗೆ ಸಿಕ್ಕಿತ್ತು, ಪೂರ್ತಿ ಬಿಡಿಸಿ ನೋಡುವ ಅವಕಾಶ ಸಿಗಲಿಲ್ಲ. ಉತ್ತರದಲ್ಲಿ ಬ್ರಿಟಿಷ್ ಅಧಿಕಾರಿ ವಿಲಿಯಂ ಸ್ಲೀಮನ್ ಆ ಕೆಲಸ ಮಾಡಿದ. ಸಿಕ್ಕಿಬಿದ್ದವರಲ್ಲಿ ಕೆಲವರನ್ನು ಮಾಫಿ ಸಾಕ್ಷಿಗಳನ್ನಾಗಿ ಮಾಡಿಕೊಂಡು, ಅವರ ಬಾಯಿಂದ ಉಳಿದವರ ಹೆಸರು, ಊರು, ನೆಂಟಸ್ತನ ಬರೆಸಿ, ಮನೆತನಗಳ ವಂಶಾವಳಿಯನ್ನೇ ಕಟ್ಟಿದ. ಹೈದರಾಬಾದ್ ಸೀಮೆಯಲ್ಲಿ ಹಿಡಿದವರ ಹೇಳಿಕೆಗಳೂ ಅದಕ್ಕೆ ಸೇರಿದವು. ಒಬ್ಬನ ತಪ್ಪನ್ನು ಮನೆತನದ ಲೆಕ್ಕಕ್ಕೆ ಬರೆಯುವ ಈ ಪದ್ಧತಿ ಮುಂದಿನ ನೂರು ವರ್ಷಗಳ ಪೊಲೀಸ್ ದಫ್ತರದ ಮೇಲೆ ತನ್ನ ಗುರುತು ಬಿಟ್ಟಿತು. ಠಗ್ಗಿ ಮತ್ತು ಡಕಾಯಿತಿ ಇಲಾಖೆ 1904ರವರೆಗೂ ಉಳಿದು, ಆ ವರ್ಷ ಕೇಂದ್ರ ಅಪರಾಧ ಗುಪ್ತಚರ ಇಲಾಖೆಗೆ ಜಾಗ ಬಿಟ್ಟಿತು.

ಸಂಸ್ಥಾನದಲ್ಲಿ ಕ್ರಮಬದ್ಧ ಪೊಲೀಸ್ ಬಂದದ್ದು ಮೊದಲ ಸಾಲಾರ್ ಜಂಗ್ ದಿವಾನನಾಗಿದ್ದಾಗ. 1865ರ ಜಿಲ್ಲಾಬಂದಿಯೊಡನೆ, ಎಂದರೆ ಜಿಲ್ಲೆಗಳ ವಿಂಗಡಣೆಯೊಡನೆ, ಕಂದಾಯದಿಂದ ಬೇರೆಯಾದ ಪೊಲೀಸ್ ಮುಹಕಮೆ ಏರ್ಪಟ್ಟಿತು. ಜಿಲ್ಲೆಗೊಬ್ಬ ಮುಹತಮಿಮ್, ಅವನ ಕೈಕೆಳಗೆ ಅಮೀನರು, ಜಮಾದಾರರು, ಜವಾನರು. ಠಾಣೆಯಲ್ಲಿ ದಿನದಿನದ ಆಗುಹೋಗು ಬರೆಯುವ ರೋಜ್‌ನಾಮ್ಚಾ ಇಡತೊಡಗಿದರು. ಯಾರು ಫಿರ್ಯಾದಿ ತಂದರು, ಯಾರನ್ನು ಹಿಡಿದು ತಂದರು, ಯಾರಿಂದ ಮುಚ್ಚಳಿಕೆ ಬರೆಸಿಕೊಂಡರು ಎಲ್ಲವೂ ಅದರಲ್ಲಿ. ಬ್ರಿಟಿಷ್ ಇಂಡಿಯಾದಲ್ಲಿ 1861ರ ಪೊಲೀಸ್ ಕಾಯಿದೆ ಇದೇ ಬಗೆಯ ದಿನಚರಿಯನ್ನು ಕಡ್ಡಾಯ ಮಾಡಿತ್ತು. 1880ರ ದಶಕದಲ್ಲಿ ಕಚೇರಿಯ ಭಾಷೆ ಫಾರ್ಸಿಯಿಂದ ಉರ್ದುವಿಗೆ ಬದಲಾಯಿತು. ಮುಂದೆ ಜಿಲ್ಲೆಗಳಿಗೆ 1329 ಫಸಲಿಯ ಜಿಲ್ಲಾ ಪೊಲೀಸ್ ಕಾಯಿದೆ, ರಾಜಧಾನಿಗೆ 1348 ಫಸಲಿಯ ನಗರ ಪೊಲೀಸ್ ಕಾಯಿದೆ ಬಂದವು. ಎರಡನೆಯದರ ಹೆಸರು ಹೈದರಾಬಾದಿನ ಪೊಲೀಸ್ ಆದೇಶಗಳಲ್ಲಿ ಈಗಲೂ ಓಡಾಡುತ್ತದೆ.

ಠಾಣೆ ದೂರ, ಊರುಗಳು ಹಲವು. ನಡುವಿನ ಕೊಂಡಿ ಪೊಲೀಸ್ ಪಟೇಲ. ಕಂದಾಯಕ್ಕೆ ಮಾಲಿ ಪಟೇಲ, ಲೆಕ್ಕಕ್ಕೆ ಪಟವಾರಿ, ಗುನ್ನೆಗೆ ಪೊಲೀಸ್ ಪಟೇಲ ಎಂದು ಹಂಚಿಕೆಯಾಗಿತ್ತು. ಮೂರೂ ವಂಶಪಾರಂಪರ್ಯದ ಹುದ್ದೆಗಳು. ಸತ್ತವರ, ಕಳುವಿನ, ಹೊಡೆದಾಟದ ಸುದ್ದಿ ಠಾಣೆಗೆ ಮುಟ್ಟಿಸುವುದು, ಬಂದ ಅಮೀನನ ಮುಂದೆ ಪಂಚರನ್ನು ನಿಲ್ಲಿಸುವುದು ಅವನ ಹೊಣೆ. ಯಾವ ಸುದ್ದಿ ಮುಟ್ಟಬೇಕು, ಯಾವುದು ಚಾವಡಿಯಲ್ಲೇ ಮುಗಿಯಬೇಕು ಎಂಬ ತೀರ್ಮಾನವೂ ಬಹಳ ಸಲ ಅವನದೇ. ಹೀಗಾಗಿ ಠಾಣೆಯ ಪುಸ್ತಕ ಊರಿನಲ್ಲಿ ನಡೆದ ಗುನ್ನೆಗಳ ಪಟ್ಟಿಯಲ್ಲ, ಪಟೇಲ ದಾಟಲು ಬಿಟ್ಟ ಗುನ್ನೆಗಳ ಪಟ್ಟಿ. ಹಳೆಯ ಅಂಕಿಗಳನ್ನು ಹಿಡಿದು ಈ ಸೀಮೆ ಶಾಂತವಾಗಿತ್ತು ಎಂದು ಬರೆಯುವವರು ಇದನ್ನು ಗಮನಿಸುವುದಿಲ್ಲ. ಜಾಗೀರುಗಳ ವಿಷಯ ಇನ್ನೂ ತೊಡಕಿನದು. ಚಿಟಗುಪ್ಪಾ, ಹುಮನಾಬಾದ್, ಚಿಂಚೋಳಿ ಕಡೆ ಹರಡಿದ್ದ, ಪೈಗಾ ಎಂಬ ಸರದಾರ ಮನೆತನದ ಸೀಮೆಗೆ ತನ್ನದೇ ಪೊಲೀಸ್, ತನ್ನದೇ ಅದಾಲತ್ತು ಇದ್ದವು. 1949ರ ಆಗಸ್ಟ್‌ನಲ್ಲಿ ಜಾಗೀರುಗಳು ರದ್ದಾಗುವವರೆಗೆ, ಅಕ್ಕಪಕ್ಕದ ಎರಡು ಊರುಗಳ ಕೈದಿಗಳ ಹೆಸರು ಎರಡು ಬೇರೆ ಒಡೆತನದ ದಫ್ತರಗಳಿಗೆ ಸೇರುವುದು ಸಾಧ್ಯವಿತ್ತು.

ಹೆಸರೊಂದೇ ಗುರುತಾಗಿದ್ದ ಕಾಲದಲ್ಲಿ ಹಳೆಯ ಶಿಕ್ಷೆಯನ್ನು ಹೊಸ ಆರೋಪಿಗೆ ಜೋಡಿಸುವುದು ಕಷ್ಟ. ಸಂಗಪ್ಪನೆಂದು ಜೈಲಿಗೆ ಹೋದವನು ಬಸಪ್ಪನೆಂದು ಇನ್ನೊಂದು ಠಾಣೆಯಲ್ಲಿ ಸಿಕ್ಕಿಬೀಳಬಹುದಿತ್ತು. ಬೆರಳಚ್ಚು ಈ ತೊಡಕನ್ನು ಬಿಡಿಸಿತು. 1897ರಲ್ಲಿ ಕಲ್ಕತ್ತದಲ್ಲಿ ತೆರೆದ ಬೆರಳಚ್ಚು ಕಚೇರಿ ಜಗತ್ತಿನಲ್ಲೇ ಮೊದಲನೆಯದು. ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿ ಪ್ರಸಿದ್ಧವಾದ ವರ್ಗೀಕರಣದ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಅಧಿಕಾರಿಗಳ ದುಡಿಮೆ ಇತ್ತು. 1902–03ರ ಫ್ರೇಸರ್ ಪೊಲೀಸ್ ಆಯೋಗ ಇಡೀ ಬ್ರಿಟಿಷ್ ಇಂಡಿಯಾದ ಪೊಲೀಸ್ ವ್ಯವಸ್ಥೆಯನ್ನು ತಿದ್ದಲು ಹೊರಟಿತು, 1920ರ ಕೈದಿಗಳ ಗುರುತು ಕಾಯಿದೆ ಅಳತೆ ಮತ್ತು ಬೆರಳಚ್ಚು ತೆಗೆಯುವ ಅಧಿಕಾರ ಕೊಟ್ಟಿತು.

ಅದೇ ಬೆರಳಚ್ಚು ಇನ್ನೊಂದು ಕೆಲಸಕ್ಕೂ ಬಂತು. 1871ರ ಅಪರಾಧಿ ಬುಡಕಟ್ಟು ಕಾಯಿದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಶಂಕಿತರ ಪಟ್ಟಿಗೆ ಸೇರಿಸಿತು, 1911ರ ತಿದ್ದುಪಡಿ ಅದನ್ನು ದೇಶದ ಉದ್ದಗಲಕ್ಕೆ ಹರಡಿತು. ಪಟ್ಟಿಯಲ್ಲಿದ್ದವರು ಪೊಲೀಸರ ಮುಂದೆ ಹಾಜರಿ ಹಾಕಬೇಕು, ಊರು ಬಿಡಲು ಪಾಸು ಪಡೆಯಬೇಕು. ಗಡಿಯಾಚೆ ಮುಂಬಯಿ ಪ್ರಾಂತ್ಯದ ಬಿಜಾಪುರ, ಹುಬ್ಬಳ್ಳಿ, ಸೋಲಾಪುರಗಳಲ್ಲಿ ಅಂಥವರಿಗಾಗಿ ವಸಾಹತುಗಳೇ ಎದ್ದವು. ಯಾವ ತಪ್ಪೂ ಮಾಡದವನಿಗೂ ಪೊಲೀಸ್ ದಾಖಲೆ ಇರುತ್ತಿತ್ತು ಎಂಬುದು ಈ ಕಾಯಿದೆಯ ವಿಶೇಷ. 1952ರ ಆಗಸ್ಟ್ 31ರಂದು ಅದು ರದ್ದಾಯಿತು. ಅದರ ಜಾಗಕ್ಕೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯಿದೆಗಳನ್ನು ತಂದವು: ಮೈಸೂರಿನಲ್ಲಿ 1961ರಲ್ಲಿ, ಆಂಧ್ರದಲ್ಲಿ 1962ರಲ್ಲಿ. ಸಮುದಾಯದ ಹೆಸರು ಹೋಗಿ ವ್ಯಕ್ತಿಯ ಹೆಸರು ಬಂತು. ಹಳೆಯ ಗುಮಾನಿ ಅಷ್ಟು ಸುಲಭವಾಗಿ ಹೋಗಲಿಲ್ಲ. ಜೈಲಿನ ದಫ್ತರಗಳಲ್ಲಿದ್ದ ಜಾತಿಯ ಕಾಲಮ್ಮನ್ನು ತೆಗೆಯಿರಿ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2024ರ ಅಕ್ಟೋಬರ್‌ನಲ್ಲಿ.

ಈ ಸೀಮೆಯಲ್ಲಿ ದಸ್ತಗಿರಿಯ ಕಾಗದಕ್ಕೆ ಬೆಲೆ ಬಂದ ಒಂದು ವಿಚಿತ್ರ ಪ್ರಸಂಗವಿದೆ. ಮರೆಯಾಗಬೇಕಾದ ಕಳಂಕವೆಂದು ಬಗೆಯುತ್ತಿದ್ದ ದಾಖಲೆಯನ್ನೇ ಜನ ಅರ್ಜಿ ಹಿಡಿದು ಹುಡುಕಿದರು. 1938ರ ಅಕ್ಟೋಬರ್ 24ರಂದು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹ ಆರಂಭವಾಯಿತು. ಅದೇ ವರ್ಷದ ಕೊನೆಗೆ ಸೋಲಾಪುರದಲ್ಲಿ ಸೇರಿದ ಆರ್ಯ ಸಮಾಜದ ಸಮ್ಮೇಳನದ ಹಿಂದೆಯೇ ಇನ್ನೊಂದು ಸತ್ಯಾಗ್ರಹ ಎದ್ದಿತು. ಬೀದರ ಜಿಲ್ಲೆ ಆರ್ಯ ಸಮಾಜದ ಭದ್ರ ನೆಲೆಯಾಗಿತ್ತು. ಜೈಲುಗಳು ತುಂಬಿದವು. 1947–48ರಲ್ಲಿ ಮತ್ತೊಂದು ಸುತ್ತು: ಸ್ಟೇಟ್ ಕಾಂಗ್ರೆಸ್ಸಿನ ನಾಯಕ ಸ್ವಾಮಿ ರಾಮಾನಂದ ತೀರ್ಥರು 1948ರ ಜನವರಿಯಲ್ಲಿ ಮತ್ತೆ ಒಳಗೆ ಹೋಗಿ, ಸೆಪ್ಟೆಂಬರಿನಲ್ಲಿ ಭಾರತ ಸೇನೆಯ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆಯೇ ಹೊರಬಂದರು. ಹೆಸರಿಲ್ಲದ ಹಳ್ಳಿಗರು ಎಷ್ಟೋ ಮಂದಿ ನಿಜಾಮರ ಪರವಾಗಿ ನಿಂತ ರಜಾಕಾರರ ಪಡೆಯ ಕಾಟಕ್ಕೆ ಗಡಿ ದಾಟಿ ಶಿಬಿರಗಳಿಂದ ಹೋರಾಡಿದರು.

1972ರಲ್ಲಿ ಕೇಂದ್ರ ಸರ್ಕಾರ ಸ್ವಾತಂತ್ರ್ಯ ಯೋಧರಿಗೆ ಪಿಂಚಣಿ ಘೋಷಿಸಿದಾಗ ಕೇಳಿದ ಮೊದಲ ಪುರಾವೆ ಜೈಲಿನ ಕಾಗದ. ಸಾಮಾನ್ಯರಿಗೆ ಆರು ತಿಂಗಳು, 1980ರಿಂದ ಹೆಂಗಸರಿಗೆ ಮತ್ತು ಪರಿಶಿಷ್ಟರಿಗೆ ಮೂರು ತಿಂಗಳ ಸೆರೆವಾಸ ತೋರಿಸಬೇಕಿತ್ತು. ಹೈದರಾಬಾದಿನ ಆರ್ಯ ಸಮಾಜ ಸತ್ಯಾಗ್ರಹಕ್ಕೂ ಗಡಿ ಶಿಬಿರಗಳಿಗೂ ಮನ್ನಣೆ ಸಿಕ್ಕಿದ್ದು ಇನ್ನೂ ತಡವಾಗಿ. ಅಷ್ಟರಲ್ಲಿ ಸಂಸ್ಥಾನವೇ ಇರಲಿಲ್ಲ. ಗುಲಬರ್ಗಾ ಜೈಲು ಮೈಸೂರಿಗೆ ಸೇರಿತ್ತು, ಹೈದರಾಬಾದಿನ ಚಂಚಲಗುಡ ಜೈಲು ಆಂಧ್ರಕ್ಕೆ, ಔರಂಗಾಬಾದ್ ಮಹಾರಾಷ್ಟ್ರಕ್ಕೆ. ಜಹೀರಾಬಾದ್ ತಾಲ್ಲೂಕಿನ ಸತ್ಯಾಗ್ರಹಿಯ ಸೆರೆಯ ದಾಖಲೆ ಈ ಮೂರರಲ್ಲಿ ಎಲ್ಲಾದರೂ ಇರಬಹುದು. ಅದನ್ನು ತೆಗೆಸಬೇಕಾದರೆ 1938ರ ಕೊನೆ ಎಂದರೆ 1348 ಫಸಲಿ ಎಂದು ಲೆಕ್ಕ ಹಾಕಬೇಕು, ಏಕೆಂದರೆ ಆ ವರ್ಷ ಅಕ್ಟೋಬರಿನಲ್ಲಿ ಹುಟ್ಟುತ್ತಿತ್ತು. ಅಕ್ಟೋಬರಿಗೆ ಒಂದು ತಿಂಗಳು ಹಿಂದಿನ ಬಂಧನವಾದರೆ 1347ರ ಪುಸ್ತಕ. ಆಮೇಲೆ ಉರ್ದುವಿನ ಶಿಕಸ್ತಾ ಎಂಬ ಓಟದ ಬರಹ ಓದಬಲ್ಲವರು ಬೇಕು. ಅದರಲ್ಲಿ ಹ್ರಸ್ವ ಸ್ವರಗಳಿಗೆ ಬರವಣಿಗೆಯಿಲ್ಲ, ಳಕಾರ ಣಕಾರಗಳಿಗೆ ಅಕ್ಷರವಿಲ್ಲ. ಹಾಗಾಗಿ ಕಾಳಪ್ಪ, ಕಾಲಪ್ಪ ಇಬ್ಬರೂ ಒಬ್ಬನೇ ಆಗುತ್ತಾರೆ. ತಂದೆಯ ಹೆಸರು, ಊರು ಕೂಡಿ ಬಂದರೆ ಮಾತ್ರ ನಂಬಿಕೆ.

ಕಾಗದ ಸಿಗದವರಿಗೆ ಸರ್ಕಾರ ಬೇರೆ ದಾರಿ ಬಿಟ್ಟಿತ್ತು. ದಾಖಲೆ ಲಭ್ಯವಿಲ್ಲವೆಂದು ರಾಜ್ಯ ಸರ್ಕಾರದಿಂದ ಬರೆಸಿಕೊಳ್ಳಬೇಕು, ಜೊತೆಗೆ ಸೆರೆಯಲ್ಲಿದ್ದ, ಸ್ವತಃ ದಾಖಲೆಯುಳ್ಳ ಇನ್ನೊಬ್ಬ ಯೋಧನ ಪ್ರಮಾಣಪತ್ರ ತರಬೇಕು. ಇಲ್ಲದ ಕಾಗದಕ್ಕೆ ಇಲ್ಲವೆಂಬ ಕಾಗದ! ಸುಳ್ಳು ಅರ್ಜಿಗಳೂ ಬಂದವು, ನಿಜವಾದವರೂ ತಿರಸ್ಕೃತರಾದರು, ವ್ಯಾಜ್ಯಗಳು ಸುಪ್ರೀಂ ಕೋರ್ಟಿನವರೆಗೆ ಹೋದವು. ಅರ್ಧ ಶತಮಾನದ ಹಿಂದಿನ ಸೆರೆವಾಸಕ್ಕೆ ಕ್ರಿಮಿನಲ್ ಮೊಕದ್ದಮೆಯ ಮಟ್ಟದ ಪುರಾವೆ ಕೇಳಬಾರದು, ಉದಾರವಾಗಿ ನೋಡಬೇಕು ಎಂದು 2001ರಲ್ಲಿ ಗುರುದಯಾಳ್ ಸಿಂಗ್ ಮೊಕದ್ದಮೆಯಲ್ಲಿ ಕೋರ್ಟು ಹೇಳಿತು. ದಸ್ತಗಿರಿಯ ದಾಖಲೆಯನ್ನು ಸಾಮಾನ್ಯ ಜನ ತಮ್ಮ ಹಕ್ಕೆಂದು ಕೇಳಿದ ಮೊದಲ ದೊಡ್ಡ ಸಂದರ್ಭ ಈ ಸೀಮೆಯಲ್ಲಿ ಇದೇ ಇರಬೇಕು.

ನಡುವೆ ರಾಜ್ಯಗಳ ಪುನರ್ವಿಂಗಡಣೆ ನಡೆದಿತ್ತು. 1951ರಲ್ಲಿ ಭಾರತೀಯ ದಂಡಸಂಹಿತೆ, ಸಾಕ್ಷ್ಯ ಕಾಯಿದೆಗಳು ಸಂಸ್ಥಾನದ ದಂಡಸಂಹಿತೆಯಾದ ತಾಜೀರಾತನ್ನು ಪಕ್ಕಕ್ಕೆ ಸರಿಸಿದ್ದವು. 1956ರ ಕಾಯಿದೆ ಬೀದರ ಜಿಲ್ಲೆಯಿಂದ ನಾರಾಯಣಖೇಡ ತಾಲ್ಲೂಕು, ನಿರ್ಣಾ ಸರ್ಕಲ್ ಬಿಟ್ಟು ಜಹೀರಾಬಾದ್ ತಾಲ್ಲೂಕು, ಬೀದರ ತಾಲ್ಲೂಕಿನ ನ್ಯಾಲಕಲ್ ಸರ್ಕಲ್ ಇಷ್ಟನ್ನೂ ಕತ್ತರಿಸಿ ಮೇದಕ್ಕಿಗೆ ಕೊಟ್ಟಿತು. ತಾಂಡೂರು ಹೈದರಾಬಾದ್ ಜಿಲ್ಲೆಗೆ, ಕೊಡಂಗಲ್ ಮಹಬೂಬನಗರಕ್ಕೆ ಹೋದವು. ನಡೆಯುತ್ತಿದ್ದ ಮೊಕದ್ದಮೆಗಳು ಆಯಾ ಪ್ರದೇಶದ ಜೊತೆಗೇ ಹೋದವು. ನಿರ್ಣಾದವನ ಮೇಲಿನ ಕೇಸು ಬೀದರಿನಲ್ಲಿ ಉಳಿಯಿತು, ಮೊಗುಡಂಪಲ್ಲಿಯವನದು ಆಗ ಮೇದಕ್ ಜಿಲ್ಲೆಯ ಕೇಂದ್ರವಾಗಿದ್ದ ಸಂಗಾರೆಡ್ಡಿಯ ದಾರಿ ಹಿಡಿಯಿತು.

ಮುಂದಿನ ದಶಕಗಳಲ್ಲಿ ಗಡಿಯ ಎರಡೂ ಕಡೆ ದಫ್ತರ ಬೇರೆ ಬೇರೆ ರೀತಿಯಲ್ಲಿ ಬೆಳೆಯಿತು. ಕರ್ನಾಟಕದ ಕಡೆ 1963ರ ಪೊಲೀಸ್ ಕಾಯಿದೆ ಬಂತು. ಅದೇ ವರ್ಷ ವಂಶಪಾರಂಪರ್ಯದ ಗ್ರಾಮಾಧಿಕಾರವೂ ಕೊನೆಗೊಂಡಿತು. ಆಂಧ್ರದ ಕಡೆ ಪಟೇಲ ಪಟವಾರಿಗಳು 1984ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕಿತ್ತುಹಾಕುವ ತನಕ ಇದ್ದರು. ಎಂದರೆ ಠಾಣೆಗೆ ಸುದ್ದಿ ಮುಟ್ಟಿಸುವ ಹಳೆಯ ದಾರಿ ಮೊಗುಡಂಪಲ್ಲಿಯಲ್ಲಿ ಬೀದರಿಗಿಂತ ಇಪ್ಪತ್ತು ವರ್ಷ ಹೆಚ್ಚು ನಡೆಯಿತು. ಠಾಣೆಯೊಳಗೆ ಊರುವಾರು ಅಪರಾಧ ಚರಿತ್ರೆ, ಶಂಕಿತರ ಹಾಳೆ, ರೌಡಿ ಶೀಟ್ ಸೇರಿಕೊಂಡವು. ರೌಡಿ ಶೀಟಿಗೆ ಕೋರ್ಟಿನ ತೀರ್ಪು ಬೇಕಿಲ್ಲ, ಪೊಲೀಸ್ ಕೈಪಿಡಿಯ ಆದೇಶ ಸಾಕು. ತೆರೆಯುವುದು ಸುಲಭ, ಮುಚ್ಚಿಸುವುದು ಕಷ್ಟ. ಉತ್ತರಪ್ರದೇಶದ ಖರಕ್ ಸಿಂಗ್ ಎಂಬಾತನ ಮೊಕದ್ದಮೆಯಲ್ಲಿ 1962ರಲ್ಲಿ ಸುಪ್ರೀಂ ಕೋರ್ಟ್, ಇಂಥ ಹಾಳೆಯ ನೆಪದಲ್ಲಿ ರಾತ್ರಿ ಹೊತ್ತು ಮನೆ ಬಾಗಿಲು ತಟ್ಟಕೂಡದು ಎಂದಿತು. ಹಾಳೆ ಇಡುವುದನ್ನು ಮಾತ್ರ ತಡೆಯಲಿಲ್ಲ. ಯಾರಿಗಾಗಿ ಹಾಳೆ ತೆರೆದಿತ್ತೋ ಅವನಿಗೇ ಅದರ ನಕಲು ಸಿಗುತ್ತಿರಲಿಲ್ಲ.

ನಕಲು ಸಿಗುತ್ತಿದ್ದದ್ದು ಕೋರ್ಟಿಗೆ ಮುಟ್ಟಿದ ಕಾಗದಗಳದು. ಸಾರ್ವಜನಿಕ ದಾಖಲೆಯ ದೃಢೀಕೃತ ಪ್ರತಿ ಕೇಳುವ ದಾರಿಯನ್ನು 1872ರ ಸಾಕ್ಷ್ಯ ಕಾಯಿದೆಯೇ ತೆರೆದಿತ್ತು. ದೂರುದಾರನಿಗೆ ಪ್ರಥಮ ವರ್ತಮಾನ ವರದಿಯ ಪ್ರತಿ ಬಿಟ್ಟಿಯಾಗಿ ಕೊಡಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆ ಹೇಳಿತು. ಬಂಧಿತನ ವಿಷಯದಲ್ಲಿ ದೊಡ್ಡ ಹೆಜ್ಜೆ ಸುಪ್ರೀಂ ಕೋರ್ಟಿನ 1996ರ ಡಿಸೆಂಬರ್ 18ರ ಡಿ.ಕೆ. ಬಸು ತೀರ್ಪು. ಠಾಣೆಯಲ್ಲಿ ಜನ ಸಾಯುವುದನ್ನು ತಡೆಯುವುದು ಅದರ ಉದ್ದೇಶ. ಅದು ವಿಧಿಸಿದ್ದು ಇಷ್ಟು: ದಸ್ತಗಿರಿಯ ಪತ್ರಕ್ಕೆ ಸಾಕ್ಷಿಯ ರುಜು, ಮನೆಯವರಿಗೆ ಸುದ್ದಿ, ಹನ್ನೆರಡು ತಾಸಿನೊಳಗೆ ಜಿಲ್ಲಾ ಕಂಟ್ರೋಲ್ ರೂಮಿನ ಫಲಕದ ಮೇಲೆ ಮಾಹಿತಿ. 2010ರಲ್ಲಿ ಜಾರಿಗೆ ಬಂದ ತಿದ್ದುಪಡಿ ಈ ಫಲಕವನ್ನು ಶಾಸನದೊಳಕ್ಕೆ ತಂದಿತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಂ ಅದನ್ನು ಪ್ರತಿ ಠಾಣೆಗೂ ವಿಸ್ತರಿಸಿ, ಡಿಜಿಟಲ್ ರೂಪಕ್ಕೂ ಜಾಗ ಕೊಟ್ಟಿತು. ಅಮೆರಿಕದ ಅನೇಕ ಊರುಗಳಲ್ಲಿ ಹಿಡಿದವರ ಫೋಟೊ ಸಮೇತ ಪಟ್ಟಿ ಯಾರಿಗೆ ಬೇಕಾದರೂ ಸಿಗುತ್ತದೆ, ನೆರೆಯವನ ಬಗ್ಗೆ ತಿಳಿಯುವುದಕ್ಕೆ ಬಳಕೆಯಾಗುತ್ತದೆ. ಇಲ್ಲಿನ ಫಲಕ ಹುಟ್ಟಿದ್ದು ಹಿಡಿದವನನ್ನು ಪೊಲೀಸರು ಕಾಣೆಯಾಗಿಸಬಾರದು ಎಂಬ ಕಾರಣಕ್ಕೆ. ಎರಡರ ಹೋಲಿಕೆ ಮೇಲ್ನೋಟದ್ದು.

ಗಣಕಯಂತ್ರ ಬಂದ ಮೇಲೆ ಹುಡುಕಾಟದ ರೀತಿ ಬದಲಾಯಿತು. 2009ರಲ್ಲಿ ಒಪ್ಪಿಗೆ ಪಡೆದ, ಅಪರಾಧ ಮತ್ತು ಅಪರಾಧಿಗಳ ಪತ್ತೆ ಜಾಲವಾದ ಸಿಸಿಟಿಎನ್ಎಸ್ ಯೋಜನೆ ದೇಶದ ಠಾಣೆಗಳನ್ನು ಒಂದಕ್ಕೊಂದು ಜೋಡಿಸಿತು. ಆದರೆ ದೇಶವ್ಯಾಪಿ ಹುಡುಕಾಟ ಪೊಲೀಸರಿಗೆ ಮಾತ್ರ. ಪ್ರಥಮ ವರ್ತಮಾನ ವರದಿಗಳನ್ನು 24 ತಾಸಿನೊಳಗೆ ಅಂತರ್ಜಾಲಕ್ಕೆ ಏರಿಸಬೇಕೆಂದು 2016ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಸಂಪರ್ಕ ಕೆಟ್ಟ ಕಡೆ 72 ತಾಸು. ಲೈಂಗಿಕ ಅಪರಾಧ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ. ತೆಲಂಗಾಣದ ವರದಿ ತೆಲಂಗಾಣದ ಪೊಲೀಸ್ ತಾಣದಲ್ಲಿ, ಕರ್ನಾಟಕದ್ದು ಕರ್ನಾಟಕದ್ದರಲ್ಲಿ. ಬೆಳಿಗ್ಗೆ ಬೀದರಿನ ಸಂತೆ, ಸಂಜೆ ಜಹೀರಾಬಾದಿನ ಮನೆ ಎಂದು ಬದುಕುವವರ ಸೀಮೆಯಲ್ಲಿ ಒಂದು ಕಡೆ ನೋಡಿದರೆ ಅರ್ಧ ಮಾತ್ರ ಸಿಗುತ್ತದೆ. ಇ-ಕೋರ್ಟ್ ತಾಣದಲ್ಲಿ ಹೆಸರು ಕೊಟ್ಟು ಹುಡುಕಬಹುದು, ಜಿಲ್ಲೆ, ನ್ಯಾಯಾಲಯ, ವರ್ಷ ಗೊತ್ತಿರಬೇಕು. ತೆಲುಗಿನ ರೂಢಿಯಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಕನ್ನಡದ ಮನೆಗಳಲ್ಲಿ ತಂದೆಯ ಹೆಸರು ನಡುವೆ ಕೂರುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಹೆಸರು ಮೂರು ನಾಲ್ಕು ಬಗೆಯಾಗುತ್ತದೆ. ಉರ್ದು ಪುಸ್ತಕದ ಕಾಳಪ್ಪನ ತೊಂದರೆ ಇಲ್ಲಿಯೂ ತೀರಿಲ್ಲ.

ನೌಕರಿಗೆ, ಪಾಸ್‌ಪೋರ್ಟಿಗೆ, ಗಲ್ಫ್ ಕಡೆಯ ವೀಸಾಕ್ಕೆ ಬೇಕಾಗುವ ಹಿನ್ನೆಲೆ ಪರಿಶೀಲನೆ ಇವೆಲ್ಲದರ ಮೇಲೆ ನಿಂತಿದೆ. ಅರ್ಜಿದಾರ ತಾನೇ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳುತ್ತಾನೆ, ವಾಸವಿದ್ದ ಊರಿನ ಠಾಣೆಯ ದಾಖಲೆ ನೋಡಿದ ಮೇಲೆ ಅದು ಸಿಗುತ್ತದೆ. ಇನ್ನೊಬ್ಬನ ಬಗ್ಗೆ ಹಾಗೆ ಕೇಳಲು ಬರುವುದಿಲ್ಲ. ಮಾಹಿತಿ ಹಕ್ಕು ಕಾಯಿದೆಯೂ ತನಿಖೆಗೆ ಅಡ್ಡಿಯಾಗುವ ವಿವರಕ್ಕೆ, ವೈಯಕ್ತಿಕ ಮಾಹಿತಿಗೆ ಬೇಲಿ ಹಾಕಿದೆ. ಈ ಬೇಲಿಯ ಹೊರಗೆ ನಿಂತಿರುವವರು ಚುನಾವಣೆಯ ಅಭ್ಯರ್ಥಿಗಳು. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳ ನಂತರ ಅವರು ತಮ್ಮ ಮೇಲಿನ ಮೊಕದ್ದಮೆಗಳನ್ನು ಪ್ರಮಾಣಪತ್ರದಲ್ಲಿ ಬರೆಯಬೇಕು, 2018ರ ತೀರ್ಪಿನ ನಂತರ ಪತ್ರಿಕೆಗಳಲ್ಲೂ ಅಚ್ಚು ಹಾಕಿಸಬೇಕು. ಜಹೀರಾಬಾದ್ ಲೋಕಸಭಾ ಕ್ಷೇತ್ರಕ್ಕೆ 2009ರಿಂದ ನಿಂತ ಪ್ರತಿಯೊಬ್ಬರ ವಿವರವನ್ನೂ ಮತದಾರ ಓದಬಹುದು. ಪಕ್ಕದ ಮನೆಯವನದನ್ನು ಓದುವಂತಿಲ್ಲ. ಇದು ಸರಿಯಾದ ಏರ್ಪಾಡೇ ಸರಿ.

ಪೊಲೀಸರ ಕೈಯಲ್ಲಿರುವ ರಾಶಿ ಮಾತ್ರ ಬೆಳೆಯುತ್ತಲೇ ಇದೆ. 2018ರ ಜನವರಿ 18ರಂದು ತೆಲಂಗಾಣದ ಪೊಲೀಸರು ಅಪರಾಧಿಗಳ ಸಮಗ್ರ ಸರ್ವೇ ಎಂದು ರಾಜ್ಯದ ಎಲ್ಲ ಕಡೆ ಹಳೆಯ ಆರೋಪಿಗಳ ಮನೆಗಳಿಗೆ ಹೋಗಿ, ಫೋಟೊ, ಬೆರಳಚ್ಚು, ಮನೆಯ ನೆಲೆ ಎಲ್ಲ ದಾಖಲಿಸಿಕೊಂಡರು. ಶಿಕ್ಷೆ ಮುಗಿಸಿ ಸಂಸಾರ ನಡೆಸುತ್ತಿದ್ದವರ ಬಾಗಿಲಿಗೆ ಹಗಲು ಹೊತ್ತಿನಲ್ಲಿ ಪೊಲೀಸರು ಬಂದು ನಿಂತದ್ದನ್ನು ಓಣಿಯೆಲ್ಲ ನೋಡಿತು. ಅದಕ್ಕೂ ಮೊದಲು, 2016ರಲ್ಲಿ, ಶತಮಾನಗಳಷ್ಟು ಹಳೆಯದಾದ ಸಂಗಾರೆಡ್ಡಿಯ ಜಿಲ್ಲಾ ಜೈಲು ವಸ್ತುಸಂಗ್ರಹಾಲಯವಾಗಿತ್ತು. 500 ರೂಪಾಯಿ ಕೊಟ್ಟು ಒಂದು ದಿನ ಕೈದಿಯಾಗಿರುವ ಅವಕಾಶ ಅಲ್ಲಿತ್ತು. ಹಾಗೆ ಒಳಗೆ ಹೋದವರ ಹೆಸರಿನಲ್ಲಿ ಯಾವ ಹಾಳೆಯೂ ತೆರೆಯಲಿಲ್ಲ.

ಅಳಿಸುವ ನಿಯಮಗಳು ಬರೆಯುವ ನಿಯಮಗಳಿಗಿಂತ ಬಹಳ ಹಿಂದೆ ಬಿದ್ದಿವೆ. ಬಾಲಕರ ವಿಷಯದಲ್ಲಿ 2015ರ ಬಾಲನ್ಯಾಯ ಕಾಯಿದೆ ಹಳೆಯ ತಪ್ಪು ಮುಂದಿನ ಬದುಕಿಗೆ ಅಡ್ಡ ಬರಬಾರದೆಂದು, ದಾಖಲೆ ನಾಶವಾಗಬೇಕೆಂದು ವಿಧಿಸುತ್ತದೆ. ದೊಡ್ಡವರ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್ 2017ರ ಜನವರಿಯಲ್ಲಿ ಒಬ್ಬ ಮಹಿಳೆಯ ಹೆಸರನ್ನು ಅಂತರ್ಜಾಲದ ಹುಡುಕಾಟದಲ್ಲಿ ಸಿಗದಂತೆ ಮರೆಮಾಡಲು ಒಪ್ಪಿತು. ಅದೇ ವರ್ಷದ ಆಗಸ್ಟ್‌ನಲ್ಲಿ, ಅದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನ ಮೊಕದ್ದಮೆಯಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನಲ್ಲಿ ತೀರ್ಪಾಯಿತು. 1920ರ ಕಾಯಿದೆಯ ಜಾಗಕ್ಕೆ 2022ರ ಆಗಸ್ಟ್ 4ರಿಂದ ಬಂದ ಗುರುತು ಕಾಯಿದೆಯ ಪ್ರಕಾರ ಬೆರಳಚ್ಚು, ಕಣ್ಣಿನ ಪಾಪೆ, ಅಂಗಾಂಗದ ಅಳತೆಗಳು ರಾಷ್ಟ್ರೀಯ ಅಪರಾಧ ದಾಖಲೆ ಕಚೇರಿಯಲ್ಲಿ 75 ವರ್ಷ ಇರುತ್ತವೆ. ಹಿಂದೆ ಶಿಕ್ಷೆಯಾಗಿರದವನು ಬಿಡುಗಡೆಯಾದರೆ, ಮೇಲ್ಮನವಿಗಳೆಲ್ಲ ಮುಗಿದ ಮೇಲೆ, ನ್ಯಾಯಾಲಯ ಕಾರಣ ಬರೆದು ಬೇರೆ ಹೇಳದಿದ್ದರೆ, ಅವನ ದಾಖಲೆ ನಾಶವಾಗಬೇಕು.